ಟ್ಯಾಬ್ಲೋ ಮೀಮಾಂಸೆ: ಜನ್ಮದಿನಾಂಕವಿಲ್ಲದ ಊರಿನ ಚಕ್ರಾರೂಢ ಅಸ್ಮಿತೆ

ಮಂಗಳೂರಿಗೆ ಜನ್ಮದಿನಾಂಕವಿಲ್ಲ. ಅಳುಪ ಅರಸರು ಇಲ್ಲಿಂದ ಆಳಿದರು. 14ನೇ ಶತಮಾನದಲ್ಲಿ ಪ್ರವಾಸಿ ಇಬ್ನ್ ಬತೂತ ಬಂದು ‘ಮಂಜರೂರು’ ಎಂದು ಬರೆದುಕೊಂಡ. ಊರು ಕಟ್ಟಿದ್ದು ಯಾರು, ಯಾವ ತಿಥಿಯಂದು ಎಂಬುದನ್ನು ಯಾರೂ ಬರೆದಿಡಲಿಲ್ಲ. ಆದರೂ ಟ್ಯಾಬ್ಲೋಗೆ ಲಾರಿ ಸಿಕ್ಕಿದ ದಿನ ಊರಿನ ಚರಿತ್ರೆ ಅದನ್ನೇರಿ ಹೊರಡುತ್ತದೆ. ಪ್ರಸ್ತುತ ಪ್ರಬಂಧವು ಈ ವಿದ್ಯಮಾನವನ್ನು ‘ಸಂಚಾರಿ ಸಂಕಥನದ ಬಹುಸ್ತರೀಯ ಅನುಸಂಧಾನ’ ಎಂಬ ಸೈದ್ಧಾಂತಿಕ ಚೌಕಟ್ಟಿನಲ್ಲಿಟ್ಟು ಪರಾಮರ್ಶಿಸುತ್ತದೆ.

ಅಧ್ಯಯನ ಕ್ಷೇತ್ರ ಮಂಗಳೂರು ದಸರಾ. ದೇವಸ್ಥಾನಗಳ ಒಳಗೆ ಪ್ರವೇಶವಿಲ್ಲದಿದ್ದ ಬಿಲ್ಲವರಿಗೆಂದು ನಾರಾಯಣ ಗುರುಗಳು 1912ರಲ್ಲಿ ಪ್ರತಿಷ್ಠಾಪಿಸಿದ ಕುದ್ರೋಳಿ ಗೋಕರ್ಣನಾಥನ ಸನ್ನಿಧಿಯಿಂದ ಶಾರದೆ, ನವದುರ್ಗೆಯರ ಮೆರವಣಿಗೆ ಹೊರಡುತ್ತದೆ. ಲೇಡಿಹಿಲ್, ಲಾಲ್‌ಬಾಗ್, ಹಂಪನಕಟ್ಟೆ ಸುತ್ತಿ ಮರಳುವಾಗ ಬೆಳಗಾಗಿರುತ್ತದೆ. ಜೊತೆಗೆ ಸಾಲುಸಾಲು ಟ್ಯಾಬ್ಲೋ.

ಟ್ಯಾಬ್ಲೋಗಳು ಐದು ವಿಧ. ಒಂದು, ಪುರಾಣಪ್ರಧಾನ: ಥರ್ಮಾಕೋಲ್ ಕೈಲಾಸ, ಗಂಗೆಗೆ ಪಂಪ್‌ಸೆಟ್. ಎರಡು, ಪರಂಪರಾಪ್ರಧಾನ: ಹುಲಿವೇಷ, ಯಕ್ಷಗಾನ, ಕಂಬಳ ಮೂರೂ ಒಂದೇ ಲಾರಿಯಲ್ಲಿ, ಕೋಣಗಳು ಫೈಬರಿನವು. ಮೂರು, ಪ್ರಾಯೋಜಕಪ್ರಧಾನ: ಚರಿತ್ರೆಗಿಂತ ಬ್ಯಾನರ್ ಎತ್ತರ. ನಾಲ್ಕು, ಐದೂ ಮೂರನೆಯದೇ. ಬ್ಯಾನರಿನ ಬಣ್ಣ ಮಾತ್ರ ಬೇರೆ. ವರ್ಗೀಕರಣ ಇಷ್ಟು ಸಾಕು.

ಶಾಸ್ತ್ರಕಾರರ ಕಣ್ಣಿಗೆ ಬೀಳದ ಅಂಗವೊಂದಿದೆ: ಲಾರಿಯ ನೆತ್ತಿಯಲ್ಲಿ ಬಿದಿರಿನ ಕೋಲು ಹಿಡಿದು ಕೂತ ಹುಡುಗ. ಇಕ್ಕಟ್ಟಿನ ರಸ್ತೆಯಲ್ಲಿ ಕೇಬಲ್ ವೈರು ಅಡ್ಡ ಬಂದರೆ ಕೋಲಿನಿಂದ ಎತ್ತಿ, ಶಿವನ ಜಟೆ ದಾಟಿಸಿ, ಹಿಂದಿನ ಲಾರಿಯವನಿಗೆ ಕೂಗಿ ಹೇಳುತ್ತಾನೆ. ಕೈಲಾಸದ ಹೊಟ್ಟೆಯೊಳಗೆ ಜನರೇಟರಿನ ಹೊಗೆ. ಪಕ್ಕದಲ್ಲಿ ಡೀಸೆಲ್ ಕ್ಯಾನು ಹಿಡಿದು ಇನ್ನೊಬ್ಬ. ಸಿದ್ಧಾಂತದ ಭಾಷೆಯಲ್ಲಿ ಇವರು ‘ಅದೃಶ್ಯೀಕೃತ ಆಧಾರಸಂರಚನೆ’. ಫೋಟೋದಲ್ಲಿ ಇವರನ್ನು ಕತ್ತರಿಸಿ ತೆಗೆಯುವುದು ವಾಡಿಕೆ.

ಇನ್ನು ಊರಿನ ಚರಿತ್ರೆ ಎಂದ ಮೇಲೆ ಹಂಚಿನ ಮಾಡು ಬೇಡವೇ? ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್ 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆಯಿತು. ಈ ನೆಲದ ಜೇಡಿಮಣ್ಣು ಮಂಗಳೂರು ಹಂಚಾಗಿ ಹಡಗೇರಿ ದೇಶಾಂತರ ಹೋಯಿತು. ಅದೇ ಮಿಷನ್ನಿನ ಹರ್ಮನ್ ಮೋಗ್ಲಿಂಗ್ 1843ರಲ್ಲಿ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ಹೊರಡಿಸಿದ. ಮೋಗ್ಲಿಂಗನ ಟ್ಯಾಬ್ಲೋ ಸುಲಭ: ಯಾರಿಗಾದರೂ ಕರಿ ಕೋಟು ತೊಡಿಸಿ ಲಾರಿ ಹತ್ತಿಸಿದರಾಯಿತು. ಮಣ್ಣು ಹದಮಾಡಿದವರಿಗೆ, ಹಸಿ ಹಂಚು ಹೊತ್ತ ಹೆಂಗಸರಿಗೆ, ಭಟ್ಟಿಯ ಬಾಯಲ್ಲಿ ಬೆಂದವರಿಗೆ ಯಾವ ವೇಷ?

ಕಾಂಕ್ರೀಟ್ ತಾರಸಿ ಬಂತು, ಹಂಚಿನ ಕಾರ್ಖಾನೆಗಳು ಒಂದೊಂದಾಗಿ ಬಾಗಿಲು ಹಾಕಿದವು. ಕೆಲಸ ಹೋದವರ ಮನೆಗೆ ಆಗ ಯಾವ ಅಸ್ಮಿತೆಯೂ ಅಕ್ಕಿ ಹೊತ್ತು ಹೋಗಲಿಲ್ಲ. ಈಗ ಅದೇ ಹಂಚನ್ನು ಥರ್ಮಾಕೋಲಿನಲ್ಲಿ ಕೊರೆದು, ಕೆಂಪು ಬಳಿದು, ಕೆಳಗೆ ‘ನಮ್ಮ ಹೆಮ್ಮೆ’ ಎಂದು ಬರೆಯುವುದಕ್ಕೆ ನಾಚಿಕೆಯೂ ಆಗಬೇಡವೇ? ಅದೂ ಗುಡಿಯ ಹೊರಗೆ ನಿಲ್ಲಿಸಲ್ಪಟ್ಟವರು ತಮ್ಮದೇ ಗುಡಿ ಕಟ್ಟಿಕೊಂಡು ಎಬ್ಬಿಸಿದ ಮೆರವಣಿಗೆಯಲ್ಲಿ!

ಮುಂದಿನ ಸಲ ಲಾರಿಗೆ ಪ್ಲೈವುಡ್ ಹೊಡೆಯುವ ಮೊದಲು ಸಮಿತಿಯವರು ಹಂಚಿನ ಕಾರ್ಖಾನೆಯಲ್ಲಿ ದುಡಿದ ಒಬ್ಬ ಅಜ್ಜಿಯ ಮನೆಗೆ ಹೋಗಲಿ. ದಿನಕ್ಕೆ ಎಷ್ಟು ಕೂಲಿ ಸಿಗುತ್ತಿತ್ತು ಎಂದು ಕೇಳಲಿ. ಆ ಅಂಕೆಯನ್ನು ಪ್ರಾಯೋಜಕರ ಹೆಸರಿನಷ್ಟೇ ದೊಡ್ಡ ಅಕ್ಷರದಲ್ಲಿ ಬ್ಯಾನರಿನ ಮೇಲೆ ಬರೆಸಲಿ.