ತೊಂಬತ್ಮೂರರಲ್ಲಿ ಏಕೋಣತೀಸ ಕಳೆದರೆ

ಮಹಾರಾಷ್ಟ್ರದ ಗಡಿಭಾಗದ ಉಮರ್ಗಾ, ನಿಲಂಗಾ, ಉದಗೀರಗಳ ಕನ್ನಡ ಮನೆಗಳಲ್ಲಿ ಮಕ್ಕಳ ಲೆಕ್ಕವು ಕೂಡುವುದಕ್ಕೂ ಕಳೆಯುವುದಕ್ಕೂ ಮೊದಲೇ, ಸಂಖ್ಯೆಯನ್ನು ಕೇಳಿ ಬರೆದುಕೊಳ್ಳುವಾಗಲೇ ತಪ್ಪುವ ಸಂಭವವುಂಟು. ನಿಲಂಗಾ ಮತ್ತು ಉದಗೀರ ತಾಲೂಕುಗಳನ್ನು 1956ರಲ್ಲಿ ಬೀದರ ಜಿಲ್ಲೆಯಿಂದ ಕಳೆದು ಉಸ್ಮಾನಾಬಾದ ಜಿಲ್ಲೆಗೆ ಕೂಡಿಸಿದ ಸರಕಾರವು ಆ ದೊಡ್ಡ ಲೆಕ್ಕವನ್ನು ಒಂದೇ ಹಂತದಲ್ಲಿ ಮುಗಿಸಿತಾದರೂ, ಅದರ ಶೇಷವು, ಮನೆಯಲ್ಲಿ ಕನ್ನಡ ಶಾಲೆಯಲ್ಲಿ ಮರಾಠಿ ಕೇಳುವ ಮಕ್ಕಳ ಪಾಟಿಯ ಮೇಲೆ ಉಳಿದುಕೊಂಡಿದೆ.

ಕನ್ನಡವು ದಶಕವನ್ನು, ಅಂದರೆ ಹತ್ತರ ಸ್ಥಾನದ ಅಂಕಿಯನ್ನು, ಮೊದಲು ನುಡಿದು ಬಿಡಿಯನ್ನು ಅದರ ಬೆನ್ನಿಗೆ ಕಟ್ಟುತ್ತದೆ: ಇಪ್ಪತ್ಮೂರು. ಮರಾಠಿಯ ‘ತೇವೀಸ’ದಲ್ಲಿ ಮೂರು ಮುಂದೆ, ಇಪ್ಪತ್ತು ಹಿಂದೆ, ಆದ್ದರಿಂದ ಕೇಳಿದ ಕ್ರಮದಲ್ಲಿಯೇ ಬರೆಯುವ ವಿಧೇಯ ಬಾಲಕನು 32 ಎಂದು ಬರೆದು, ವಿಧೇಯತೆಗಾಗಿಯೇ ಕಿವಿ ಹಿಂಡಿಸಿಕೊಳ್ಳುತ್ತಾನೆ. ‘ಏಕೋಣತೀಸ’ವೆಂದರೆ ಒಂದು ಕಡಿಮೆ ಮೂವತ್ತು, ಅಂದರೆ 29, ಇಲ್ಲಿ ಸಂಖ್ಯೆಯ ಹೆಸರೇ ಒಂದು ವಜಾಬಾಕಿ. ಕನ್ನಡದ ‘ಒಂಬತ್ತು’ ಕೂಡ ಮೂಲದಲ್ಲಿ ಹತ್ತಕ್ಕೆ ಒಂದು ಕಡಿಮೆ ಎಂದು ವ್ಯಾಕರಣಜ್ಞರು ಬಿಡಿಸುವುದರಿಂದ, ಈ ವಿಷಯದಲ್ಲಿ ಕನ್ನಡಿಗರು ಹೆಚ್ಚು ಬೀಗುವಂತಿಲ್ಲ.

ಈಗ 93ರಲ್ಲಿ 29 ಕಳೆಯಬೇಕು. ಬಿಡಿಯ ಮನೆಯ 3ರಲ್ಲಿ 9 ಹೋಗದ ಕಾರಣ ಪಕ್ಕದ ದಶಕದ ಮನೆಯಿಂದ ಒಂದನ್ನು ಕಡ ತರಬೇಕು. ಕೊಟ್ಟವರ ಮನೆಯಲ್ಲಿ 9 ಇದ್ದದ್ದು 8 ಆಗುತ್ತದೆ, ತಂದವರ ಮನೆಯಲ್ಲಿ ಆ ಒಂದು ಹತ್ತಾಗಿ, 3 ಇದ್ದದ್ದು 13 ಆಗುತ್ತದೆ. “ಒಂದ ತಂದ್ರ ಹತ್ತ ಹ್ಯಾಂಗಾತು?” ಎಂದು ಕಟ್ಟೆಯ ಮೇಲಿನ ಅಜ್ಜನು ಕೇಳುವ ಪ್ರಶ್ನೆಯು ಸಾಲದ ಬಡ್ಡಿಯನ್ನು ಬಲ್ಲವನದಾದರೂ, ಸ್ಥಾನಬೆಲೆಯ ತಿರುಳನ್ನೇ ಮುಟ್ಟುತ್ತದೆ. ಅಂಕಿಯ ಬೆಲೆಯು ಅದು ಕುಳಿತ ಮನೆಯಿಂದ ನಿರ್ಧಾರವಾಗುವುದೇ ಸ್ಥಾನಬೆಲೆ. 13ರಲ್ಲಿ 9 ಹೋಗಿ 4, 8ರಲ್ಲಿ 2 ಹೋಗಿ 6, ಉತ್ತರ 64. ಕಡ ತಂದದ್ದನ್ನು ಯಾರೂ ಮರಳಿ ಕೇಳುವುದಿಲ್ಲ.

2019ರಲ್ಲಿ ಬಾಲಭಾರತಿಯು, ಅಂದರೆ ಮಹಾರಾಷ್ಟ್ರದ ಪಠ್ಯಪುಸ್ತಕ ಮಂಡಳಿಯು, ಎರಡನೆಯ ತರಗತಿಯ ಗಣಿತದಲ್ಲಿ ‘ತೇವೀಸ’ದ ಬದಲು ‘ವೀಸ ತೀನ’, ಅಂದರೆ ಇಪ್ಪತ್ತು ಮೂರು, ಎಂಬಂತಹ ಓದನ್ನು ತಂದಾಗ ವಿಧಾನಸಭೆಯವರೆಗೂ ಗದ್ದಲವೆದ್ದಿತು, ಆದರೆ ಗಡಿಯ ಕನ್ನಡ ಮಗುವಿಗೆ ಅದು ಮನೆಮಾತಿನ ಕ್ರಮವೇ ಆಗಿತ್ತು.

ಆದರೂ ನ್ಯಾಯ ಒಂದೇ ಕಡೆಗಿಲ್ಲ. ಸಂಖ್ಯೆಯನ್ನು ಬರೆಯುವುದು ಎಡದಿಂದ, ಕನ್ನಡ ನುಡಿದಂತೆ. ಕಳೆಯುವುದು ಬಲದಿಂದ, ಮರಾಠಿ ನುಡಿದಂತೆ. ಆದುದರಿಂದ ಹಿರಿಯರು ಮಗುವಿನ ಕಿವಿಗೆ ಕೈ ಹಾಕುವ ಮುನ್ನ, ಆ ಕಿವಿಯು ಸಂಖ್ಯೆಯನ್ನು ಯಾವ ಭಾಷೆಯಲ್ಲಿ ಕೇಳಿತೆಂಬುದನ್ನು ವಿಚಾರಿಸುವುದು ಒಳಿತು.