ರೋಗಿಗೆ ತಿಳಿಯದಂತೆ

ನಮ್ಮೂರಿನ ಬಸ್ ನಿಲ್ದಾಣದ ಮೂತ್ರಾಲಯದ ಗೋಡೆ ಒಂದು ದೊಡ್ಡಾಸ್ಪತ್ರೆ. ಅಲ್ಲಿ ಮೂಲವ್ಯಾಧಿಗೆ ಕತ್ತರಿ ಹಾಕುವಂತಿಲ್ಲ, ಬೋಳುತಲೆಗೆ ನಿರಾಸೆಯಿಲ್ಲ. ಕುಡುಕರಿಗಂತೂ ವಿಶೇಷ ವಾರ್ಡು: ‘ರೋಗಿಗೆ ತಿಳಿಯದಂತೆ ಕುಡಿತ ಬಿಡಿಸಲಾಗುವುದು.’ ಕೆಳಗೆ ಮೊಬೈಲ್ ನಂಬರು. ಎಂಥ ಘನ ವೈದ್ಯಶಾಸ್ತ್ರ! ಇಪ್ಪತ್ತು ವರ್ಷ ತಿಳಿದೇ ಕುಡಿದವನಿಗೆ, ಬಿಡುವುದು ಮಾತ್ರ ತಿಳಿಯಬಾರದು.

ಹಾಗಾಗಿ ಬಿಡುವ ಕೆಲಸ ಹೆಂಡತಿಯ ಪಾಲಿಗೆ ಬರುತ್ತದೆ. ಸಾಸಿವೆ ಡಬ್ಬಿಯಲ್ಲಿ ಬಚ್ಚಿಟ್ಟ ಕಾಸು ಕೊಟ್ಟು ಪುಡಿ ತರುವವಳು ಅವಳು, ಸಾರಿಗೆ ಬೆರೆಸುವವಳು ಅವಳು, ಗಂಡ ಉಣ್ಣುವಾಗ ಕಳ್ಳಿಯಂತೆ ಎದೆ ಹಿಡಿದು ನಿಲ್ಲುವವಳೂ ಅವಳೇ. ಪುಡಿಯಲ್ಲಿ ಏನಿದೆಯೆಂದು ಮಾರಿದವನಿಗೂ ತಿಳಿಯದು. ಇನ್ನು ಕೆಲವರು ಡೈಸಲ್ಫಿರಾಮ್ ಮಾತ್ರೆಯನ್ನೇ ಹೇಗೋ ಸಂಪಾದಿಸಿ ಅರೆದು ಹಾಕುವುದುಂಟು. ವೈದ್ಯರು ಆ ಮಾತ್ರೆಯನ್ನು ರೋಗಿಗೆ ತಿಳಿಸಿ, ಒಪ್ಪಿಸಿಯೇ ಕೊಡುತ್ತಾರೆ. ಅದನ್ನು ನುಂಗಿ ಕುಡಿದರೆ ಮುಖ ಕೆಂಪೇರಿ, ಎದೆ ಡವಗುಟ್ಟಿ, ವಾಂತಿಯಾಗಿ, ರಕ್ತದೊತ್ತಡ ಕುಸಿದು ಜೀವಕ್ಕೇ ಕುತ್ತು ಬರಬಹುದು. ತಿಳಿಯದವನು ಎಂದಿನಂತೆ ಸಂಜೆ ಕುಡಿಯುತ್ತಾನೆ. ಕುಡಿತ ಬಿಡುವ ಮೊದಲು ಉಸಿರನ್ನೇ ಬಿಟ್ಟರೂ ಗೋಡೆಬರಹ ಸುಳ್ಳಾಗುವುದಿಲ್ಲ. ಎಲ್ಲವೂ ರೋಗಿಗೆ ತಿಳಿಯದಂತೆಯೇ ಮುಗಿದಿರುತ್ತದೆ.

ಪುಡಿ ಬೇಡವೆನ್ನುವವರಿಗೆ ಕೋಣೆ ಇದೆ. ಹಿರಿಯರು ಸೇರಿ ಮನೆದೇವರ ಮೇಲೆ ಆಣೆ ಹಾಕಿಸಿ, ಒಳಗೆ ತಳ್ಳಿ ಚಿಲಕ ಹಾಕುತ್ತಾರೆ. ವರ್ಷಗಟ್ಟಲೆ ವಿಪರೀತ ಕುಡಿದ ದೇಹಕ್ಕೆ ಮದ್ಯ ಒಮ್ಮೆಲೇ ನಿಂತರೆ ಕೈಕಾಲು ನಡುಗುತ್ತವೆ. ಎರಡು ಮೂರು ದಿನದಲ್ಲಿ ಫಿಟ್ಸ್ ಬರಬಹುದು, ಇಲ್ಲದ್ದು ಕಾಣಬಹುದು, ಜೀವವೂ ಹೋಗಬಹುದು. ಆಸ್ಪತ್ರೆಯಲ್ಲಿ ಇದಕ್ಕೆ ಔಷಧಿ ಉಂಟು. ಊರಿನವರು ಮಾತ್ರ ‘ಗಾಳಿ ಮೆಟ್ಟಿಕೊಂಡಿದೆ’ ಎಂದು ನಿಂಬೆಹಣ್ಣು ಕೊಯ್ಯುತ್ತಾರೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಮದ್ಯ ಮತ್ತು ಮಾದಕವಸ್ತುವಿನ ದುರ್ಬಳಕೆಯಿಂದ ಬರುವ ತೊಂದರೆಗಳನ್ನೂ ಕಾಯಿಲೆಯ ಲೆಕ್ಕಕ್ಕೇ ಸೇರಿಸಿದೆ. ಕಾಯ್ದೆ ಬಂದದ್ದೂ ಊರಿಗೆ ತಿಳಿಯದಂತೆಯೇ ಇರಬೇಕು.

ನಮ್ಮ ರಾಜ್ಯ ಸರ್ಕಾರಕ್ಕೆ ಕುಟುಂಬದ ಕಾಳಜಿ ಇಲ್ಲವೆಂದು ಯಾರೂ ದೂರಬಾರದು. ಸರ್ಕಾರದ್ದೇ ಆದ ಎಂಎಸ್‌ಐಎಲ್ ಮಗನಿಗೆ ಲೇಖಕ್ ನೋಟ್‌ಬುಕ್ ಮಾರುತ್ತದೆ, ಅಮ್ಮನಿಗೆ ಚೀಟಿ ನಡೆಸುತ್ತದೆ, ಅಪ್ಪನಿಗೆ ಮದ್ಯದಂಗಡಿ ತೆರೆದಿದೆ. ಮೂವರಿಗೂ ಒಂದೇ ಸಂಸ್ಥೆ. ಇದಕ್ಕಿಂತ ಸಮಗ್ರ ಕುಟುಂಬ ಸೇವೆ ಇನ್ನೆಲ್ಲಿ? 2007ರಲ್ಲಿ ಸಾರಾಯಿ ನಿಷೇಧವಾಯಿತು. ಪ್ಯಾಕೆಟ್ ಹೋಗಿ 90 ಎಂಎಲ್ ಟೆಟ್ರಾ ಪ್ಯಾಕ್ ಕೈಗೆ ಬಂತು. ಪಾನನಿಷೇಧಕ್ಕೆ ಶ್ರಮಿಸಿರೆಂದು ಸಂವಿಧಾನದ 47ನೇ ವಿಧಿ ಹೇಳುತ್ತದೆ. ಅಬಕಾರಿ ಇಲಾಖೆಗೆ 2025-26ರ ಬಜೆಟ್ ಕೊಟ್ಟ ಗುರಿ 40,000 ಕೋಟಿ ರೂಪಾಯಿ. ಜೊತೆಗೆ ಮದ್ಯಪಾನ ಸಂಯಮ ಮಂಡಳಿಯೂ ಇದೆ, ಎಡಗೈ ಸುರಿದದ್ದನ್ನು ಬಲಗೈ ಒರೆಸಲಿ ಎಂದು.

ಇಷ್ಟೆಲ್ಲ ದಾಟಿ ಒಬ್ಬ ನಿಜಕ್ಕೂ ಬಿಟ್ಟು, ಚಿಕಿತ್ಸೆ ಮುಗಿಸಿ ಮನೆಗೆ ಬಂದನೆನ್ನಿ. ಅಸಲು ಪ್ರಸಂಗ ಶುರುವಾಗುವುದೇ ಆಗ. ಸೋದರಮಾವನ ಮನೆಯ ಬಾಡೂಟದಲ್ಲಿ ‘ಒಂದೇ ಒಂದು ಪೆಗ್ ಕಣೋ, ಕಂಪನಿಗೆ’ ಎಂಬ ಪ್ರೀತಿ. ಒಲ್ಲೆ ಎಂದರೆ ‘ಹೆಂಡತಿ ಕಿವಿ ಹಿಂಡಿದ್ದಾಳೆ’ ಎಂಬ ನಗು. ಜಾರಿದನೋ, ‘ನಮಗೆ ಮೊದಲೇ ಗೊತ್ತಿತ್ತು’. ಗ್ಲಾಸು ಹಿಡಿಸಿದವರೇ ಹೀಗೆ ಭವಿಷ್ಯವನ್ನೂ ನುಡಿಯುತ್ತಾರೆ.

ಹೆಂಡತಿಗೋ ಅತ್ತೆಯ ಬುದ್ಧಿವಾದ: ‘ನೀನೊಂಚೂರು ನಗ್ತಾ ಇದ್ದಿದ್ರೆ ಅವನು ಯಾಕಮ್ಮ ಕುಡೀತಿದ್ದ?’ ಗಂಡ ಬರುವುದು ಹತ್ತು ನಿಮಿಷ ತಡವಾದರೂ ಅವಳ ಹೊಟ್ಟೆ ತೊಳಸುತ್ತದೆ. ಕಳಚಿಟ್ಟ ಅಂಗಿಯನ್ನು ಮೂಸಿ ನೋಡುತ್ತಾಳೆ. ಮಗ ಈಗಲೂ ಚಪ್ಪಲಿ ಸದ್ದಿನಲ್ಲೇ ಅಪ್ಪನ ಸ್ಥಿತಿ ಅಳೆಯುತ್ತಾನೆ. ಅವನು ಬಿಟ್ಟಿದ್ದಾನೆ, ಮನೆಗೆ ಇನ್ನೂ ಬಿಟ್ಟಿಲ್ಲ.

ಅಮೆರಿಕದಲ್ಲಿ 1935ರಲ್ಲಿ ಆಲ್ಕೊಹಾಲಿಕ್ಸ್ ಅನಾನಿಮಸ್ ಎಂಬ ಕುಡಿತ ಬಿಡುವವರ ಕೂಟ ಕಟ್ಟಿದ ಇಬ್ಬರಲ್ಲೊಬ್ಬ ಬಿಲ್ ವಿಲ್ಸನ್. ಅವನ ಹೆಂಡತಿ ಲೋಯಿಸ್, ಸಭೆಗೆ ಹೊರಡೋಣವೆಂದ ಗಂಡನ ಮೇಲೆ ಒಮ್ಮೆ ಶೂ ಎಸೆದಳು. ಅವನು ಕುಡಿಯುತ್ತಿದ್ದಾಗಲ್ಲ, ಬಿಟ್ಟ ಮೇಲೆ! ತನಗೂ ಚಿಕಿತ್ಸೆ ಬೇಕೆಂದು ಹೊಳೆದದ್ದು ಆಗಲೇ. 1951ರಲ್ಲಿ ಕುಡುಕರ ಮನೆಯವರಿಗೆಂದೇ ಅಲ್-ಅನಾನ್ ಕಟ್ಟಿದವರಲ್ಲಿ ಅವಳೂ ಒಬ್ಬಳು. ನಮ್ಮಲ್ಲಿ ಹೆಂಡತಿ ಚಪ್ಪಲಿ ಎಸೆದಿದ್ದರೆ ಪಂಚಾಯ್ತಿ ಸೇರುತ್ತಿತ್ತು. ‘ನಿನಗೆ ನಿದ್ದೆ ಬರುತ್ತಾ, ತಾಯಿ?’ ಎಂದು ಅಲ್ಲಿಯೂ ಯಾರೂ ಕೇಳುತ್ತಿರಲಿಲ್ಲ.

ಕೇಳುವ ಜಾಗಗಳು ಇಲ್ಲವೆಂದಲ್ಲ. ನಿಮ್ಹಾನ್ಸ್‌ನ ವ್ಯಸನ ಚಿಕಿತ್ಸಾ ಕೇಂದ್ರದಲ್ಲಿ ಮನೆಯವರನ್ನೂ ಕೂರಿಸಿ ಮಾತಾಡಿಸುತ್ತಾರೆ. ಬೆಂಗಳೂರಿಗೆ ಹೋಗಲಾಗದವರಿಗೆ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮನಸ್, 14416. ವ್ಯಸನಮುಕ್ತಿಗೆಂದೇ ಇರುವ ಸಹಾಯವಾಣಿ 14446. ಎರಡಕ್ಕೂ ದುಡ್ಡಿಲ್ಲ, ಟೆಲಿ ಮನಸ್‌ನಲ್ಲಿ ಕನ್ನಡದಲ್ಲೇ ಮಾತಾಡಬಹುದು. ಕರೆ ಮಾಡಲು ನೀವೇ ಕುಡಿಯುವವರಾಗಿರಬೇಕಿಲ್ಲ. ಸಾರು ಕಲಕುವ ಕೈಯೂ ಆ ನಂಬರು ಒತ್ತಬಹುದು. ನಮ್ಮೂರ ಗೋಡೆಯಲ್ಲಿ ಮಾತ್ರ ಇವೆರಡಕ್ಕೆ ಜಾಗವಿಲ್ಲ. ಆದ್ದರಿಂದ ಇಲ್ಲಿ ಬರೆದಿದ್ದೇನೆ, ಎಲ್ಲರಿಗೂ ತಿಳಿಯುವಂತೆ.