ಎಷ್ಟು ಎಂದು ಕೇಳಿ, ಏಕೆ ಎಂದಲ್ಲ

(ನೆದರ್‌ಲ್ಯಾಂಡ್ಸಿನ ಆರೋಗ್ಯ ತಪಾಸಣಾ ಇಲಾಖೆ. ಸಂಭಾಷಣೆ ಕಲ್ಪಿತ, ಅಂಕಿಗಳು ಅಲ್ಲ.)

ಕನ್ನಡಿಗ: 2022ರಲ್ಲಿ 35,606 ಗರ್ಭಪಾತ, 2023ರಲ್ಲಿ 39,332. ಏರಿದ್ದೇಕೆ ಸ್ವಾಮಿ?

ಅಧಿಕಾರಿ: ಎಷ್ಟು ಎಂದು ಕೇಳಿ, ಹೇಳುತ್ತೇನೆ. ‘ಏಕೆ’ಗೆ ನಮ್ಮ ನಮೂನೆಯಲ್ಲಿ ಕಾಲಂ ಇಲ್ಲ.

ಕನ್ನಡಿಗ: ಹೋಗಲಿ, 39,332 ಹೆಂಗಸರೇ?

ಅಧಿಕಾರಿ: ಚಿಕಿತ್ಸೆಗಳು. ಒಬ್ಬಳೇ ಎರಡು ಸಲ ಬಂದರೆ ಎರಡು.

ಕನ್ನಡಿಗ: ಇಪ್ಪತ್ತು ದಾಟದ ಹುಡುಗಿಯರು ಎಷ್ಟನೇ ವಾರದಲ್ಲಿ ಬಂದರು?

ಅಧಿಕಾರಿ: ವಯಸ್ಸಿನದೊಂದು ಪಟ್ಟಿ, ವಾರದ್ದೊಂದು ಪಟ್ಟಿ. ಎರಡಕ್ಕೂ ನಂಟು ಬೆಳೆಸುವಂತಿಲ್ಲ. ಕ್ಲಿನಿಕ್‌ನವರು ಕಳಿಸುವುದು ಹೆಸರಿಲ್ಲದ ಒಟ್ಟು ಮೊತ್ತ ಮಾತ್ರ. ಗೋಪ್ಯತೆ ಸ್ವಾಮಿ!

(ಗೋಪ್ಯತೆ ಒಳ್ಳೆಯದೇ. ಆದರೆ ಇವರು ಅದನ್ನು ಹೆಂಗಸರಿಗಿಂತ ಅಂಕಿಗಳಿಗೇ ಹೆಚ್ಚು ಕೊಟ್ಟಂತಿದೆ.)

ಕನ್ನಡಿಗ: 2025ರ ಜನವರಿಯಿಂದ ಕುಟುಂಬ ವೈದ್ಯರೂ ಗರ್ಭಪಾತದ ಮಾತ್ರೆ ಕೊಡಬಹುದಲ್ಲ?

ಅಧಿಕಾರಿ: ಹೌದು, ನಮೂನೆ ತುಂಬುವವರ ಸಾಲು ಉದ್ದವಾಯಿತು.

ಕನ್ನಡಿಗ: ಯಾರಿಗೂ ಹೇಳದೆ ಅಂಚೆಯಲ್ಲಿ ತರಿಸಿಕೊಂಡ ಮಾತ್ರೆ?

ಅಧಿಕಾರಿ: ಅದು ಅಂಚೆಯವರ ಲೆಕ್ಕ. ನಿಮ್ಮೂರಲ್ಲಿ ಹೇಗೆ?

ಕನ್ನಡಿಗ: 2015ರಲ್ಲಿ ಭಾರತದಲ್ಲಿ 1.56 ಕೋಟಿ ಗರ್ಭಪಾತ ಎಂದು ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್ ಪತ್ರಿಕೆಯ ಅಧ್ಯಯನ ಅಂದಾಜಿಸಿತು.

ಅಧಿಕಾರಿ: ಸರ್ಕಾರದ ರಿಜಿಸ್ಟರಿನಲ್ಲಿ?

ಕನ್ನಡಿಗ: ಬಹುಪಾಲು ಇಲ್ಲವೇ ಇಲ್ಲ. ಅದೇ ಅಂದಾಜಿನಂತೆ ಶೇ. 73ರಷ್ಟು ಆದದ್ದು ಆಸ್ಪತ್ರೆಯ ಹೊರಗೆ, ಮಾತ್ರೆಯಿಂದ.